ಈರಮ್ಮನ ಹಸಿರು ಸೀರೆ

ಹಳದಿ ಬಾರ್ ಸಾಬೂನಿನ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಸಾಕು, ನನ್ನ ತಲೆಯೊಳಗೆ ಒಂದು ಹಳೆಯ ಪಟ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ವರ್ಷದ ಗೌರಿ ಹುಣ್ಣಿಮೆಯಲ್ಲಿ ಏನೇನು ಕೆಡಬಹುದಿತ್ತು ಎಂಬ ಪಟ್ಟಿ. ಆರತಿಯ ದೀಪ ಸೆರಗಿಗೆ ತಗುಲಿ ನನ್ನ ಗೆಳತಿ ಮಲ್ಲಿ ಹೊತ್ತಿಕೊಳ್ಳಬಹುದಿತ್ತು. ನಾನು ನಿರಿಗೆ ತುಳಿದು ಕಾಲುವೆಗೆ ಬೀಳಬಹುದಿತ್ತು. ನನಗೆ ಈಜು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಸಕ್ಕರೆ ಆನೆಯ ಸೊಂಡಿಲು ಗುಡಿ ತಲುಪುವ ಮೊದಲೇ ಮುರಿಯಬಹುದಿತ್ತು. ಮಲ್ಲಿಯ ಅಪ್ಪ ಸಾಬಣ್ಣ, ತೀರಿಹೋದ ಹೆಂಡತಿಯ ಸೀರೆಯಲ್ಲಿ ಮಗಳನ್ನು ಕಂಡು ನಡುಬೀದಿಯಲ್ಲೇ ಕುಸಿದು ಕೂರಬಹುದಿತ್ತು. ಅವ್ವ ತನ್ನ ಸೀರೆ ಎಲ್ಲಿ ಎಂದು ಕೇಳಬಹುದಿತ್ತು. ಅತ್ತಿ ಎಲ್ಲವನ್ನೂ ಕಂಡುಹಿಡಿದು, ಕೌದಿ ಹೊಲಿಯುವ ಉದ್ದ ಸೂಜಿಯನ್ನು ನನ್ನ ಮೂಗಿನ ಮುಂದೆ ಆಡಿಸುತ್ತ ವಿಚಾರಣೆ ನಡೆಸಬಹುದಿತ್ತು. ಟ್ರಂಕಿಗೆ ಇರುವೆ ಮುತ್ತಬಹುದಿತ್ತು. ಹನ್ನೊಂದು ವರ್ಷಕ್ಕೇ ಇಷ್ಟನ್ನು ಯೋಚಿಸಿಟ್ಟಿದ್ದವಳು ನಾನು. ಈಗ ಐವತ್ತು ದಾಟಿದ ಮೇಲೆ, ಬಸ್ಸು ತಪ್ಪೀತೆಂದು ಯಾದಗಿರಿಯ ಬಸ್‌ಸ್ಟ್ಯಾಂಡಿಗೆ ಒಂದು ತಾಸು ಮುಂಚೆ ಹೋಗಿ, ತಪ್ಪು ಬಸ್ಸು ಹತ್ತಿಯೇನೆಂಬ ಭಯಕ್ಕೆ ಬಂದ ಬಸ್ಸನ್ನೂ ಬಿಟ್ಟು ನಿಲ್ಲುವಷ್ಟು ಪಳಗಿದ್ದೇನೆ. ಇರಲಿ. ಆ ಪಟ್ಟಿಯಲ್ಲಿದ್ದ ಒಂದು ಅನಾಹುತವೂ ನಡೆಯಲಿಲ್ಲ. ನಡೆದದ್ದು ಪಟ್ಟಿಯಲ್ಲಿರಲಿಲ್ಲ.

ನಮ್ಮೂರು ಗೋಗಿಯಲ್ಲಿ ಮನೆಯ ಪಡಸಾಲೆ ದಸರೆ ಮುಗಿಯುತ್ತಲೇ ಅಪ್ಪನ ಕೈತಪ್ಪಿ ಅತ್ತಿಯ ವಶಕ್ಕೆ ಹೋಗುತ್ತಿತ್ತು. ಅತ್ತಿ ಎಂದರೆ ಅಪ್ಪನ ಅಕ್ಕ, ನಾಗಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ಬರುವಾಗ ಒಂದು ಟ್ರಂಕು, ಒಂದು ಸೂಜಿಡಬ್ಬಿ, ಯಾರಿಗೂ ಹೆದರದ ಒಂದು ನಾಲಿಗೆ ತಂದಿದ್ದಳು. ಮಳೆ ಹಿಂದೆ ಸರಿದು ತೊಗರಿ ಹೂ ಬಿಟ್ಟು ಬೆಳಗಿನ ಫರ್ಸಿಕಲ್ಲಿನ ನೆಲ ಅಂಗಾಲಿಗೆ ತಣ್ಣಗೆ ತಾಗತೊಡಗಿದಾಗ ಊರಿನವರಿಗೆ ಕೌದಿಯ ನೆನಪಾಗುತ್ತಿತ್ತು. ಹರಿದ ಧೋತರ, ಮಾಸಿದ ಸೀರೆ, ಮಕ್ಕಳು ತೊಟ್ಟು ಬಿಟ್ಟ ಅಂಗಿ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರು ಬಿಟ್ಟುಹೋದ ಬಟ್ಟೆ, ಎಲ್ಲ ಗಂಟು ಕಟ್ಟಿ ತಂದು ಪಡಸಾಲೆಯ ಮೂಲೆಗೆ ಒಟ್ಟುತ್ತಿದ್ದರು. ಅತ್ತಿ ಕಾಲು ಚಾಚಿ ಕುಳಿತು ಪದರದ ಮೇಲೆ ಪದರ ಹಾಸಿ ಹೊಲಿಯುತ್ತ, ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡುತ್ತಿದ್ದಳು. ಕೌದಿ ಹಸಿದಿರಬಾರದು ಎಂಬುದು ಅವಳ ನೇಮ. ಇನ್ನೊಂದು ನೇಮವೂ ಇತ್ತು. ಬಂದ ಬಟ್ಟೆಯನ್ನು ಅವಳು ಒಗೆಯುತ್ತಿರಲಿಲ್ಲ. ಅವಳು ಹೊದೆಯುತ್ತಿದ್ದ ಕೌದಿಯಂತೂ, ಗಂಡನ ಧೋತರದ್ದು, ಎಂದೂ ನೀರು ಕಂಡದ್ದಲ್ಲ. "ನಾಗಕ್ಕಾ, ಅದನ್ನ ಒಂದ್ ಸಲ ನೀರಿಗಿ ತೋರಸ್ರಿ, ಪುಣ್ಯಾ ಬರ್ತದ" ಎಂದು ಅವ್ವ ವರ್ಷಕ್ಕೆರಡು ಸಲವಾದರೂ ಹೇಳುವಳು. "ನೀರು ನಿಮ್ಮಪ್ಪ ಹೊತ್ಕೊಂಡು ಬರ್ತಾನೇನು?" ಎಂದು ಅತ್ತಿ ಎರಡು ಸಲವೂ ಅದನ್ನೇ ಉತ್ತರಿಸುವಳು. ಉಪ್ಪುನೀರಿನ ಒಂದೇ ಬಾವಿಯ ಊರಿನಲ್ಲಿ ಅದು ನ್ಯಾಯದ ಮಾತೇ ಎಂದು ನಾನು ನಂಬಿದ್ದೆ.

ಆಮೇಲೆ ಕಾಲುವೆ ಬಂತು. ಎಷ್ಟೋ ವರ್ಷ ಬರೀ ಅಗೆತ ಕಂಡಿದ್ದ ತಗ್ಗಿನಲ್ಲಿ ಒಂದು ಬೆಳಿಗ್ಗೆ ಕೆಂಪು ನೀರು, ವಾರದಲ್ಲೇ ತಿಳಿನೀರು. ಅಪ್ಪನಂಥವರು ಭತ್ತದ ಲೆಕ್ಕ ಹಾಕುತ್ತ ದಂಡೆಯ ಮೇಲೆ ನಿಂತಿದ್ದರೆ ಹೆಂಗಸರು ಆಗಲೇ ಮೊಣಕಾಲ ಮಟ್ಟ ಇಳಿದು ಒಗೆಯತೊಡಗಿದ್ದರು. ಜಮಖಾನೆ ಒಗೆದರು, ಎತ್ತಿನ ಬೆನ್ನಿಗೆ ಹೊದಿಸುವ ಜೂಲು ಒಗೆದರು, ನಿನ್ನೆ ಒಗೆದದ್ದನ್ನು ಇಂದು ಮತ್ತೆ ಒಗೆದರು. ಕೊಡ ಎಣಿಸಿ ಬದುಕಿದವರಿಗೆ ಹರಿಯುವ ನೀರು ಕಂಡರೆ ಕೈ ಸುಮ್ಮನಿರುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪಕ್ಕದಲ್ಲಿ ಉದ್ದುದ್ದ ಹಳದಿ ಸಾಬೂನು ಬಂದು ಕೂತಿತು. ದಂಡೆಯ ಜಾಲಿಕಂಟಿಗಳಿಗೆಲ್ಲ ಸೀರೆ ಉಡಿಸಿದ ಹಾಗಿತ್ತು ಊರು.

ನಮ್ಮ ಹಬ್ಬ ಇದ್ದದ್ದು ಆ ಗಂಟುಗಳಲ್ಲಿ. ನಮ್ಮ ಎಂದರೆ ನಾನು ಸುಮಿ, ದರ್ಜಿಯ ಮಗಳು ಹಸೀನಾ, ಓಣಿಯ ತುದಿಯ ಒಂದಂಕಣದ ಮನೆಯ ಮಲ್ಲಿ. ಶಾಲೆಗೆ ದಸರೆ ರಜೆ ಬಿಟ್ಟ ದಿನದಿಂದ ಗೌರಿ ಹುಣ್ಣಿಮೆಯವರೆಗೆ ಮಧ್ಯಾಹ್ನಗಳೆಲ್ಲ ಪಡಸಾಲೆಯಲ್ಲೇ. ಕೌದಿಯಿಂದ ಉಳಿದ ಚಿಂದಿಯಲ್ಲಿ ಗೊಂಬೆ ಹೊಲಿದೆವು, ಹುಣಸೆಬೀಜಕ್ಕೆ ಬಣ್ಣ ಹಚ್ಚಿ ಸರ ಪೋಣಿಸಿದೆವು. ಹಸೀನಾ ಅವರಪ್ಪನ ಅಂಗಡಿಯ ನೆಲ ಗುಡಿಸಿ ತಂದ ಚಮ್ಕಿಯನ್ನು ಮೈದಾ ಅಂಟಿನಿಂದ ನಮ್ಮ ಹಣೆಗೆ, ಕೆನ್ನೆಗೆ, ಒಮ್ಮೆ ಮಲಗಿದ್ದ ಬೆಕ್ಕಿನ ಕಿವಿಗೂ ಹಚ್ಚಿದ್ದಳು. ಎಲ್ಲಕ್ಕಿಂತ ಮಿಗಿಲಾದದ್ದು ಸೀರೆ ಉಡುವುದು. ಅತ್ತಿಯ ಕತ್ತರಿ ತಾಗುವ ಮೊದಲು ಆ ರಾಶಿಯ ಸೀರೆಗಳು ನಮ್ಮವು. ಯಾರ ಮನೆಯ ಸೀರೆ ಉಟ್ಟರೆ ಅವರ ಹಾಗೆ ನಡೆಯಬೇಕು, ಅವರ ಹಾಗೆ ಸೊಂಟಕ್ಕೆ ಕೈಯಿಟ್ಟು ಜಗಳ ತೆಗೆಯಬೇಕು. "ಯವ್ವಾ, ಉಡೂದಾದ್ರ ಉಡ್ರಿ. ಹರದ್ರಿ ಅಂದ್ರ ನಿಮ್ಮನ್ನೂ ನಡುವಿನ ಪದರಿಗಿ ಹಾಕಿ ಹೊಲದ ಬಿಡ್ತೀನಿ" ಎನ್ನುವಳು ಅತ್ತಿ, ತಲೆಯೆತ್ತದೆ. ನಾನು ಎಡವುವೆನೆಂದು ನಿರಿಗೆಯನ್ನು ಮೊಣಕಾಲಿಗೇ ಎತ್ತಿ ಕಟ್ಟಿಕೊಳ್ಳುತ್ತಿದ್ದೆ. "ಏ ಸುಮಿ, ಟಾವೆಲ್ ಸುತ್ತಿದ ಕೊಡ ಕಂಡಂಗ ಕಾಣಾಕತ್ತಿ ನೋಡ ಬೇ" ಎಂದು ಹಸೀನಾ ಬಿದ್ದು ಬಿದ್ದು ನಗುವಳು. ಮಲ್ಲಿ ಮಾತ್ರ ಹುಟ್ಟಿದಾಗಿನಿಂದ ಉಟ್ಟವಳ ಹಾಗೆ ಉಡುತ್ತಿದ್ದಳು.

ಆ ವರ್ಷ ಮಲ್ಲಿ ಉಡಲಿಲ್ಲ. ಶ್ರಾವಣದಲ್ಲಿ ಅವರವ್ವ ಈರಮ್ಮ ನಾಲ್ಕು ದಿನದ ಜ್ವರಕ್ಕೆ ತೀರಿಹೋಗಿದ್ದಳು. ಕಳೆ ತೆಗೆಯಲು, ಹತ್ತಿ ಬಿಡಿಸಲು ನಮ್ಮ ಹೊಲಕ್ಕೂ ಬರುತ್ತಿದ್ದವಳು. ಅವಳು ಪಕ್ಕದಲ್ಲಿ ಹಾದುಹೋದರೆ ಒಲೆಹೊಗೆ, ಹರಳೆಣ್ಣೆ, ಎಲೆಅಡಿಕೆಯ ಚೀಲದ ಕಾಚು ಕೂಡಿದ ಒಂದು ಬೆಚ್ಚನೆಯ ವಾಸನೆ ಹಿಂದೆ ಉಳಿಯುತ್ತಿತ್ತು. ದಸರೆಯ ಮರುವಾರ ಸಾಬಣ್ಣ ಒಂದು ಸಣ್ಣ ಗಂಟು ತಂದು ಅತ್ತಿಯ ಮುಂದಿಟ್ಟು, ಅದರ ಕಡೆ ನೋಡದೆ ಕಂಬಕ್ಕೆ ಒರಗಿ ನಿಂತ. "ನಾಗಮ್ಮಕ್ಕಾ, ಇಷ್ಟ ಅದಾವ ನೋಡ್ರಿ. ಮೂರು ಹುಡುಗ್ರು ಥಂಡ್ಯಾಗ ಮಲಗ್ತಾವ. ಒಂದು ಕೌದಿ ಆಗ್ತದಿಲ್ರಿ?" "ಆಗ್ತದ ತಗೋ, ಯಾಕಾಗಂಗಿಲ್ಲ" ಎಂದಳು ಅತ್ತಿ. ಗಂಟಿನಲ್ಲಿದ್ದದ್ದು ಅವನ ಎರಡು ಧೋತರ, ಒಂದು ಚಾದರ, ಈರಮ್ಮನ ಒಂದೇ ಒಂದು ಇಳಕಲ್ ಸೀರೆ, ಹಸಿರು ಒಡಲಿನದು, ಕೆಂಪು ಸೆರಗಿನದು. ನಾಗರಪಂಚಮಿಗೆ ಉಟ್ಟು ಮಡಚಿಟ್ಟವಳು ಮತ್ತೆ ಬಿಚ್ಚಿರಲಿಲ್ಲ.

ಮಲ್ಲಿ ದಿನಾ ಬಂದು ಆ ಗಂಟಿನ ಪಕ್ಕದಲ್ಲಿ ಕೂರುತ್ತಿದ್ದಳು. ಚಿಂದಿ ಮುಟ್ಟುವುದಿಲ್ಲ, ಸರ ಪೋಣಿಸುವುದಿಲ್ಲ. ಕೊನೆಗೆ ಹಸೀನಾಳೇ, ಮಾತು ತೂಗಿ ಆಡುವ ಅಭ್ಯಾಸವಿಲ್ಲದವಳು, "ನೀನೂ ಉಡ ಬೇ ಮಲ್ಲಿ. ನಿಮ್ಮವ್ವಂದ ಉಡು. ಯಾರೇನು ತಿಂತಾರ?" ಎಂದಳು. ಮಲ್ಲಿ ಎದ್ದಳು, ಉಟ್ಟಳು. ಸೆರಗನ್ನು ತಲೆಯ ಮೇಲೆ ತಂದು ಮುಖಕ್ಕೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಎಷ್ಟೋ ಹೊತ್ತು ನಿಂತಳು. ಅಳುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿರಲಿಲ್ಲ. ತಿರುಗಿದಾಗ ಅವಳ ಮುಖ ಆಗಷ್ಟೇ ಉಂಡೆದ್ದವರ ಮುಖದ ಹಾಗಿತ್ತು. ಸಂಜೆ ನನ್ನನ್ನು ಹಿತ್ತಲಿಗೆ ಕರೆದಳು. "ಸುಮೀ, ಇದನ್ನ ಅತ್ತಿ ಕೊಯ್ಯಾಕ ಬಿಡಬ್ಯಾಡ. ನಮ್ಮಪ್ಪ ಇದು ಕಣ್ಣಿಗಿ ಬಿದ್ರ ಊಟಾ ಬಿಡ್ತಾನ, ನಮ್ಮನ್ಯಾಗ ಇಡಾಕ ಜಾಗಾ ಇಲ್ಲ. ನಿನ್ನ ಟ್ರಂಕಿನ್ಯಾಗ ಇಟ್ಕೋ. ನಾ ಆಗಾಗ ಬಂದು ನೋಡಿ ಹೋಗ್ತೀನಿ, ಅಷ್ಟ." ನಾನು ಯಾರಿಗೂ ಇಲ್ಲವೆನ್ನಲಾರದವಳು, ಇಲ್ಲವೆಂದರೆ ಏನಾದೀತೋ ಎಂಬ ಭಯ. ಅವ್ವನ ಪೆಟ್ಟಿಗೆಯ ತಳದಿಂದ ಬಣ್ಣಗೆಟ್ಟ ಹಸಿರು ಸೀರೆಯೊಂದನ್ನು ಕದ್ದು ಸಾಬಣ್ಣನ ಗಂಟಿಗೆ ಸೇರಿಸಿದೆ. ಈರಮ್ಮನ ಸೀರೆ ಹುಣ್ಣಿಮೆಗೆ ಮಲ್ಲಿ ಉಟ್ಟ ಮೇಲೆ ನನ್ನ ಟ್ರಂಕಿಗೆ ಬರುವುದೆಂದು ಮಾತಾಯಿತು.

ಹುಣ್ಣಿಮೆಯ ಸಂಜೆ ಹುಡುಗಿಯರೆಲ್ಲ ಸೀರೆಯುಟ್ಟು, ತಟ್ಟೆಯಲ್ಲಿ ಸಕ್ಕರೆಯ ಆನೆ, ಕುದುರೆ, ತೇರು ಜೋಡಿಸಿ, ನಡುವೆ ದೀಪವಿಟ್ಟು ಗೌರಿಗೆ ಆರತಿ ಒಯ್ದೆವು. ಕಾಲುವೆಯ ದಂಡೆಗುಂಟ ಸಾಲು ನಡೆಯಿತು. ನೀರಿನಲ್ಲಿ ದೀಪಗಳು, ಅದರ ಹಿಂದೆ ಆಗಷ್ಟೇ ಎದ್ದ ಚಂದ್ರ. ಯಾರೂ ಬೀಳಲಿಲ್ಲ, ಯಾರೂ ಹೊತ್ತಿಕೊಳ್ಳಲಿಲ್ಲ. ಸಾಬಣ್ಣ ಅಂದು ನೀರು ಬಿಡುವ ಪಾಳಿಯೆಂದು ಹೊಲದಲ್ಲಿದ್ದ. ಮಲ್ಲಿ ಹೂವಿನಂತೆ ನಡೆದಳು. ದಾರಿಯಲ್ಲಿ ಒಬ್ಬಿಬ್ಬರು ಮುದುಕಿಯರು ಅವಳನ್ನು ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡರು. ದೀಪದ ಕಾವಿಗೆ ಆನೆಯ ಬೆನ್ನು ಕರಗಿ ಪಾಕ ತೊಟ್ಟಿಕ್ಕಿ ಸೆರಗಿನ ಅಂಚಿನಲ್ಲಿ ಒಂದು ಬಟ್ಟಲಗಲ ಅಂಟಾಗಿತ್ತು, ಅಷ್ಟೇ.

ಆದರೆ ನನ್ನ ತಲೆಗೆ ಅಷ್ಟು ಸಾಕಲ್ಲ. ಸಕ್ಕರೆ ಇದ್ದಲ್ಲಿ ಇರುವೆ. ಇರುವೆ ಟ್ರಂಕಿಗೆ ಸಾಲು ಹಿಡಿದರೆ ಅವ್ವ ಟ್ರಂಕು ತೆಗೆಯುತ್ತಾಳೆ. ತೆಗೆದರೆ ಸೀರೆ, ಸೀರೆಯಿಂದ ಅತ್ತಿ, ಅತ್ತಿಯಿಂದ ಸಾಬಣ್ಣ. ಮರುದಿನ ಅವ್ವ ಹೊಲಕ್ಕೆ ಹೋದದ್ದೇ ಸೀರೆಯನ್ನು ಪುಸ್ತಕದ ಚೀಲದಲ್ಲಿ ತುರುಕಿಕೊಂಡು, ಅರ್ಧ ಬಾರ್ ಸಾಬೂನು ಹಿಡಿದು ಕಾಲುವೆಗೆ ನಡೆದೆ. ಅಂಟಾದ ಅಂಚನ್ನಷ್ಟೇ ತೊಳೆದರೆ ಕಲೆ ಎದ್ದು ಕಂಡೀತೆಂದು ಇಡೀ ಸೀರೆ ನೆನೆಸಿದೆ. ಒಮ್ಮೆ ಒಗೆದೆ. ಸಂಶಯ ಹೋಗದೆ ಇನ್ನೊಮ್ಮೆ ಒಗೆದೆ. ಮೂರನೆಯ ಸಲ, ನೀರು ಹೇಗೂ ಹರಿಯುತ್ತಿತ್ತಲ್ಲ ಎಂದು. ಜಾಲಿಕಂಟಿಯ ಮುಳ್ಳಿಗೆ ಹರಿದೀತೆಂದು ಬಿಸಿ ಬಂಡೆಯ ಮೇಲೆ ಹರಡಿ, ಗಾಳಿಗೆ ಹಾರೀತೆಂದು ನಾಲ್ಕೂ ಮೂಲೆಗೆ ಕಲ್ಲಿಟ್ಟು ಕಾದೆ. ಒಣಗಿದ ಹಸಿರು ಹೊಸದರ ಹಾಗೆ ಕಾಣುತ್ತಿತ್ತು. ಮಡಚಿ ಟ್ರಂಕಿನಲ್ಲಿಟ್ಟು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಿಶ್ಚಿಂತೆಯಿಂದ ಉಂಡೆ.

ಆ ಮನೆ ಈಗಿಲ್ಲ. ಅತ್ತಿ ಹೋದ ಮೇಲೆ ಪಡಸಾಲೆ ಖಾಲಿ ಬಿತ್ತು, ಆಮೇಲೆ ಮನೆಯನ್ನೇ ಮಾರಿದೆವು. ಈಗ ಅಲ್ಲಿ ಗೊಬ್ಬರದ ಅಂಗಡಿ. ಅವಳು ಕಾಲು ಚಾಚಿ ಕೂರುತ್ತಿದ್ದ ಜಾಗದಲ್ಲಿ ಯೂರಿಯಾ ಚೀಲ ಒಟ್ಟಿದ್ದಾರೆ, ಕಣ್ಣು ಉರಿಯುತ್ತದೆ, ಅದು ಯೂರಿಯಾದಿಂದಲೇ ಎಂದು ಹೇಳಿಕೊಳ್ಳುತ್ತೇನೆ. ತೊಗರಿಯ ಹಳದಿ ಇದ್ದಲ್ಲಿ ಭತ್ತದ ಹಸಿರು. ಕೌದಿ ಹೊಲಿಸುವವರಿಲ್ಲ, ಎಲ್ಲರ ಮನೆಯಲ್ಲೂ ಅಂಗಡಿಯ ರಗ್ಗು. ಹಸೀನಾ ಹೈದರಾಬಾದಿನಲ್ಲಿ ಸೊಸೆಯರ ಮೇಲೆ ಹುಕುಂ ನಡೆಸುತ್ತಾಳಂತೆ. ಕೊಂಕಲ್‌ಗೆ ಮದುವೆಯಾದ ಮಲ್ಲಿ ಎರಡು ಸಲ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾಳೆ. ಮಕ್ಕಳು, ಮೊಮ್ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಆ ಸೀರೆಯ ಮಾತು ಅವಳು ತೆಗೆಯಲಿಲ್ಲ. ನಾನು ತೆಗೆದರೆ ಏನೇನಾದೀತೆಂಬುದಕ್ಕೂ ಒಂದು ಪಟ್ಟಿ ನನ್ನ ಹತ್ತಿರ ಇದೆ.

ಆ ವರ್ಷ ಹುಣ್ಣಿಮೆಯಾದ ಐದನೆಯ ದಿನ ಮಧ್ಯಾಹ್ನ ಅತ್ತಿ ಸಾಬಣ್ಣನ ಗಂಟು ಬಿಚ್ಚಿದಳು. ಮಲ್ಲಿ ಬಾಗಿಲ ಹತ್ತಿರ ಕೂತಿದ್ದಳು. ಅತ್ತಿ ಅವ್ವನ ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದು ನಿಮ್ಮವ್ವಂದು. ಈರಮ್ಮಂದು ಎಲ್ಲದ?" ಎಂದು ನನ್ನ ಕಡೆ ತಿರುಗಿದಳು. ಇಂಥ ಪ್ರಶ್ನೆಗೆಂದೇ ಹನ್ನೆರಡು ಉತ್ತರ ಹೊಂದಿಸಿಟ್ಟುಕೊಂಡಿದ್ದೆ. ಎಲ್ಲ ಬಿಟ್ಟು ಒಳಗೆ ಹೋಗಿ ಟ್ರಂಕು ತೆಗೆದೆ. ಹೊರಗೆ ಮಲ್ಲಿಯ ದನಿ ಕೇಳಿತು: "ಅಕಿಗಿ ಬೈಬ್ಯಾಡ್ರಿ ಅತ್ತಿ, ನಾನ ಇಟ್ಕೋ ಅಂದೀನಿ. ಅದೊಂದು ಕೊಯ್ಯಬ್ಯಾಡ್ರಿ."

"ಹುಚ್ಚಿ, ಕೊಯ್ತೀನಂತ ಯಾರಂದ್ರು? ಇಡೀ ಸೀರಿ ಮ್ಯಾಲಿನ ಪದರಿಗಿ ಹಾಕಾಕಿ ನಾ" ಎಂದಳು ಅತ್ತಿ. ನಾನು ಆಗ ಸೀರೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. "ಬಟ್ಟಿ ಒಗಿಯಂಗಿಲ್ಲಂತ ಈ ಸುಮಿ ಅವ್ವ ನನ್ನ ಹೊಲಸಿ ಅಂತಾಳ. ಅಂದ್ರ ಅನ್ನಲಿ ಬಿಡು. ಮದಲಿನ ಥಂಡಿ ಒಂದು ಕೂಸುಗೋಳು ಅವ್ವನ ವಾಸನ್ಯಾಗ ಮಲಗಬೇಕವಾ. ಆಮ್ಯಾಲ ಬೇಕಾದ್ರ ದಿನಾ ಒಗ್ಕೊಳ್ರಿ." ಅಷ್ಟು ಹೇಳಿ ಕೈ ಚಾಚಿದಳು.

ನಾನು ಕೊಟ್ಟೆ. ಸೀರೆ ಕೈಗೆ ಬಂದ ಕೂಡಲೇ ಅತ್ತಿಗೆ ತಿಳಿಯಿತು. ಮೂಗಿನ ಹತ್ತಿರವೂ ಒಯ್ಯಲಿಲ್ಲ. ಬೈಯಲಿಲ್ಲ. ಸೂಜಿಯನ್ನು ಡಬ್ಬಿಗೆ ಹಾಕಿ, ಸೀರೆಯನ್ನು ಮಲ್ಲಿಯ ತೊಡೆಯ ಮೇಲಿಟ್ಟಳು. ಮಲ್ಲಿ ಸೆರಗಿಗೆ ಮುಖ ಹಚ್ಚಿದಳು. ತೆಗೆದು, ಒಂದು ಮಡಿಕೆ ಬಿಚ್ಚಿ ಮತ್ತೆ ಹಚ್ಚಿದಳು. ಹಾಗೆಯೇ ಒಂದೊಂದೇ ಮಡಿಕೆ ಬಿಚ್ಚುತ್ತ, ಒಡಲು, ಅಂಚು, ಕಡೆಯ ಗೇಣಿನವರೆಗೂ ಹುಡುಕಿದಳು. ಇಡೀ ಸೀರೆ ಫರ್ಸಿಯ ಮೇಲೆ ಹರಡಿ ಬಿದ್ದಿತ್ತು, ಹಸಿರಾಗಿ, ಒಂದು ಕಲೆಯೂ ಇಲ್ಲದೆ. ಆಮೇಲೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಮುಖ ಹೇಗಿತ್ತೋ.

"ಚಲೋ ಒಗದೀ ಬಿಡು" ಎಂದಳು.