ಮೂಲಾ ನಕ್ಷತ್ರದ ದಿನ ಪೂಜೆಗೆ ಕೂತ ನಾನ್-ಡೀಟೇಲ್

ಸೆಕೆಂಡ್ ಫಾರಂನಲ್ಲಿ, ಎಂದರೆ ಈಗಿನ ಏಳನೆಯ ತರಗತಿಯಲ್ಲಿ, ನಮಗೆ ಇಂಗ್ಲಿಷಿಗೆ ಎರಡು ಪುಸ್ತಕ. ಒಂದು ಪಾಠದ ಪುಸ್ತಕ. ಅದನ್ನು ಟೀಚರ್ ಸಾಲುಸಾಲಾಗಿ ಬಿಡಿಸಿ ಹೇಳುತ್ತಿದ್ದರು. ಇನ್ನೊಂದು ತೆಳ್ಳನೆಯ ಕತೆಪುಸ್ತಕ. ಅದರ ರಟ್ಟಿನ ಮೇಲೆ ಏನೇ ಹೆಸರಿರಲಿ, ಮದರಾಸಿನ ಶಾಲೆಗಳಲ್ಲಿ ಎಲ್ಲರೂ ಅದನ್ನು ನಾನ್-ಡೀಟೇಲ್ ಎನ್ನುತ್ತಿದ್ದರು. ತರಗತಿಯಲ್ಲಿ ವಿವರಿಸುವುದಿಲ್ಲ, ಮನೆಯಲ್ಲಿ ನೀವೇ ಓದಿಕೊಳ್ಳಿ ಎಂದು ಅರ್ಥ. ಆ ಹೆಸರು ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಪಾಠದ ಪುಸ್ತಕಕ್ಕಿಂತ ವಿವರಗಳು ಹೆಚ್ಚಿದ್ದದ್ದು ಅದರಲ್ಲೇ.

ಇಂಗ್ಲಿಷ್ ಟೀಚರ್ ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ತಮಿಳು ವೈಷ್ಣವ ಮನೆತನದವರು. ಅವರ ತಂದೆ ವಕೀಲರು ಎಂದು ಹುಡುಗಿಯರು ಹೇಳುತ್ತಿದ್ದರು. ನಾನು ವಿಚಾರಿಸಿ ನೋಡಿಲ್ಲ. ನಾನ್-ಡೀಟೇಲ್ ವಿಷಯದಲ್ಲಿ ಅವರದೊಂದು ನಿಯಮವಿತ್ತು. ಪ್ರತಿ ಹುಡುಗಿಯೂ ಮೇಜಿನ ಹತ್ತಿರ ಬಂದು ಕತೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಅವರು ತೆರೆದುಕೊಟ್ಟ ಪುಟವನ್ನು ಗಟ್ಟಿಯಾಗಿ ಓದಬೇಕು, ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು. ಆ ಅಂಕ ಕ್ವಾರ್ಟರ್ಲಿ ಪರೀಕ್ಷೆಗೆ ಸೇರುತ್ತಿತ್ತು.

ನಮ್ಮ ಗೆಳತಿಯೊಬ್ಬಳಿಗೆ ಆ ಅಂಕದ ಮೇಲೆಯೇ ಎಲ್ಲ ನಿಂತಿತ್ತು. ಪುರಸೈವಾಕ್ಕಂನ ಒಂದು ‘ಸ್ಟೋರು’ ನಮ್ಮ ವಾಸ. ಸ್ಟೋರು ಎಂದರೆ ಅಂಗಡಿಯಲ್ಲ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಉದ್ದನೆಯ ಮನೆ. ನಮ್ಮ ಪಕ್ಕದ ಭಾಗದಲ್ಲಿ ಅವಳು ತನ್ನ ಸೋದರತ್ತೆಯ ಜೊತೆ ಇದ್ದಳು. ಅವಳ ಅಪ್ಪ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆಯ ಕೆಲಸಗಾರ. ಹಿಂದಿನ ವರ್ಷ ಅವಳು ಇಂಗ್ಲಿಷಿನಲ್ಲಿ ಫೇಲಾಗಿ ಅದೇ ಫಾರಂನಲ್ಲಿ ಮತ್ತೆ ಕೂತಿದ್ದಳು. ಈ ಸಲವೂ ಕ್ವಾರ್ಟರ್ಲಿಯಲ್ಲಿ ಹೋದರೆ ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ಓದಿದ್ದು ಸಾಕು ಎಂದು ಅಪ್ಪ ಹೇಳಿ ಹೋಗಿದ್ದರು. ಬರವಣಿಗೆಯ ಪರೀಕ್ಷೆ ಮುಗಿದಿತ್ತು, ಅದರಲ್ಲಿ ಅವಳು ಗಡಿಯ ಮೇಲಿದ್ದಳು. ಉಳಿದದ್ದು ನಾನ್-ಡೀಟೇಲ್ ಮಾತ್ರ.

ಅವಳು ದಡ್ಡಿಯಲ್ಲ. ಎಲ್ಲವನ್ನೂ ಉರು ಹೊಡೆಯುತ್ತಿದ್ದಳು, ತೊಂದರೆ ಅಲ್ಲಿತ್ತು. ಪುಟಗಟ್ಟಲೆ ಒಪ್ಪಿಸುತ್ತಿದ್ದಳು, ನಡುವೆ ಒಂದು ಪದ ಕೈಕೊಟ್ಟರೆ ಮುಂದಿನದೆಲ್ಲ ಕುಸಿಯುತ್ತಿತ್ತು. ಆಗ ಮತ್ತೆ ಮೊದಲ ಸಾಲಿನಿಂದ ಶುರು. ಹಿಂದಿನ ವರ್ಷ ಟೀಚರ್ ಮುಂದೆ ಹಾಗೆ ಮೂರ್ನಾಲ್ಕು ಸಲ ಶುರು ಮಾಡಿ ಅತ್ತುಬಿಟ್ಟಿದ್ದಳಂತೆ.

ಶಾಲೆ ಕೊಟ್ಟ ಪ್ರತಿಗಳು ಕಡಿಮೆ. ಒಂದು ಬೀದಿಯ ಹುಡುಗಿಯರಿಗೆ ಒಂದು ಪ್ರತಿ. ಯಾರು ಯಾವತ್ತು ಯಾರಿಗೆ ದಾಟಿಸಬೇಕು ಎಂಬುದನ್ನು ಟೀಚರ್ ತಾವೇ ಗೊತ್ತುಮಾಡಿದ್ದರು. ದಸರೆಯ ರಜೆಯೂ ಅವರ ಲೆಕ್ಕದಲ್ಲಿತ್ತು. ಸರಸ್ವತಿ ಪೂಜೆಯ ದಿನ ಯಾರೂ ಪುಸ್ತಕ ಮುಟ್ಟುವುದಿಲ್ಲ. ಅದೊಂದು ದಿನ ಬಿಟ್ಟು ಉಳಿದ ರಜೆಯೆಲ್ಲ ಗೆಳತಿಯ ಸರದಿ. ಅತಿ ಹೆಚ್ಚು ಸಮಯ ಬೇಕಾದದ್ದು ಅವಳಿಗೇ ಎಂದು ಬೇಕೆಂದೇ ಹಾಗೆ ಮಾಡಿದ್ದರು. ಅವಳಿಗಿಂತ ಮುಂಚಿನ ಸರದಿ ನನ್ನದು.

ಟೀಚರ್‌ಗೆ ತಿಳಿಯದ ಒಂದು ಸಂಗತಿಯಿತ್ತು. ಅವರ ಮನೆಯಲ್ಲಿ ಪುಸ್ತಕ ಪೂಜೆಗೆ ಕೂರುವುದು ನವಮಿಯಂದು, ಏಳುವುದು ಮಾರನೆಯ ದಿನ. ನಮ್ಮದು ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಕುಟುಂಬ; ಅಪ್ಪ ಹತ್ತಿರದ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಮೂಲಾ ನಕ್ಷತ್ರದ ದಿನವೇ ಪುಸ್ತಕಗಳನ್ನು ಕೂರಿಸಿ, ಶ್ರವಣ ನಕ್ಷತ್ರ ಬಂದ ಮೇಲೆ ತೆಗೆಯುವುದು. ನಡುವಿನ ದಿನಗಳಲ್ಲಿ ಓದೂ ಇಲ್ಲ, ಬರಹವೂ ಇಲ್ಲ. ನಾನು ಬೆಳಿಗ್ಗೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಜೊತೆಗಿದ್ದ ಅಜ್ಜಿ, ಮನೆಯಲ್ಲಿದ್ದ ಅಚ್ಚಾದ ಕಾಗದವನ್ನೆಲ್ಲ ಮಣೆಯ ಮೇಲೆ ಜೋಡಿಸಿ ರೇಷ್ಮೆ ವಸ್ತ್ರ ಹೊದಿಸಿದ್ದರು. ರೈಲ್ವೆ ಟೈಮ್‌ಟೇಬಲ್ ಕೂಡ ಅದರೊಳಗೆ. ನಾನ್-ಡೀಟೇಲ್ ಕೆಳಗಿನಿಂದ ಎರಡನೆಯದೋ ಮೂರನೆಯದೋ ಇತ್ತು.

ಮರುದಿನ ಗೆಳತಿ ಪುಸ್ತಕಕ್ಕೆ ಬಂದಳು. ಅವಳ ಮಾತು ತಮಿಳು, ಅಜ್ಜಿಯದು ಕರಾವಳಿಯ ಕನ್ನಡ. ಇಬ್ಬರೂ ತಮ್ಮತಮ್ಮದರಲ್ಲೇ ಆಡಿದರೂ ದಿನನಿತ್ಯದ ಮಾತು ಒಬ್ಬರದು ಒಬ್ಬರಿಗೆ ಅರ್ಥವಾಗುತ್ತಿತ್ತು. ಅವಳ ತಮಿಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಅಜ್ಜಿಯನ್ನು ಅವಳು ಕರೆಯುತ್ತಿದ್ದ ‘ಪಾಟಿ’ಯೊಂದನ್ನು ಬಿಟ್ಟು.

“ಪಾಟಿ, ಆ ಇಂಗ್ಲಿಷ್ ಪುಸ್ತಕ ಒಂದು ಮಾತ್ರ ತೆಗೆದುಕೊಡಿ. ಮಿಕ್ಕದ್ದೆಲ್ಲ ಹಾಗೇ ಇರಲಿ.”

“ಎಂತ ಮಾತು ಮಾರಾಯ್ತಿ! ಮೂಲಕ್ಕೆ ಕೂತಾಯ್ತು. ಶ್ರವಣ ಬಾರದೆ ಏಳಿಸ್ಲಿಕ್ಕೆ ಉಂಟಾ?”

“ನಮ್ಮನೇಲಿ ಒಂದೇ ದಿನ. ನಿಮ್ಮ ಸರಸ್ವತಿ ಅಷ್ಟು ದಿನ ಇಟ್ಕೊಂಡು ಏನು ಓದ್ತಾಳೆ?”

“ಅವಳಿಗೆ ಇಂಗ್ಲಿಷ್ ಹೊಸತಲ್ವಾ ಮಗಾ, ನಿಧಾನಕ್ಕೆ ಓದ್ತಾಳೆ.”

ಗೆಳತಿ ನಗಲಿಲ್ಲ. ಹೊಸಿಲಿನ ಮೇಲೆ ಕೂತುಬಿಟ್ಟಳು. “ಪಂಚಾಂಗ ನೋಡಿ ಹೇಳಿ ಪಾಟಿ, ನಿಮ್ಮ ಶ್ರವಣ ಯಾವಾಗ?” ಅಜ್ಜಿಗೆ ನೋಡುವ ಅಗತ್ಯವಿರಲಿಲ್ಲ, ಪಂಚಾಂಗವೂ ವಸ್ತ್ರದ ಕೆಳಗಿತ್ತು. ವಿಜಯದಶಮಿಯ ದಿನ ಮಧ್ಯಾಹ್ನ ಕಳೆದ ಮೇಲೆ ಎಂದರು. ಪರೀಕ್ಷೆ ಅದರ ಮರುದಿನ ಬೆಳಿಗ್ಗೆ.

ಅಜ್ಜಿ ಅವಳ ಮುಖ ನೋಡಿದರು. ಅಪ್ಪ ಕರೆದುಕೊಂಡು ಹೋಗುವ ಮಾತು ಸ್ಟೋರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ನೀನು ಓದಿದ್ದಿ ಅಲ್ವಾ? ಹೇಳು ಅವಳಿಗೆ. ಓದ್ಲಿಕ್ಕಿಲ್ಲ, ಬರೀಲಿಕ್ಕಿಲ್ಲ. ಹೇಳ್ಲಿಕ್ಕೆ, ಕೇಳ್ಲಿಕ್ಕೆ ಯಾವ ಶಾಸ್ತ್ರವೂ ಬೇಡ ಅನ್ಲಿಲ್ಲ.”

ಹಾಗೆ ಶುರುವಾಯಿತು. ಅಂಗಳದ ಕಡೆಯ ಜಗಲಿಯಲ್ಲಿ ನಾವಿಬ್ಬರು, ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಅಜ್ಜಿ. ಕತೆ ಒಂದು ಚಳಿದೇಶದ್ದು. ಬೆಟ್ಟದ ಮೇಲಿನ ಒಂಟಿ ಮನೆಯಲ್ಲಿ ಒಲೆ ಆರಿಹೋಗುತ್ತದೆ. ತಾಯಿಗೆ ಜ್ವರ. ಹೊರಗೆ ಹಿಮ. ಹುಡುಗಿ ಕಣಿವೆ ದಾಟಿ ನೆರೆಮನೆಯಿಂದ ಕಬ್ಬಿಣದ ಪಾತ್ರೆಯಲ್ಲಿ ಕೆಂಡ ತರುತ್ತಾಳೆ. ಒಂದು ಸಾಲು ಇಂಗ್ಲಿಷಿನಲ್ಲಿ, ಅದನ್ನೇ ತಮಿಳಿನಲ್ಲಿ, ಅಜ್ಜಿಗಾಗಿ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದೆ.

ನಾನು ಒಂದೇ ಓಟಕ್ಕೆ ಮುಗಿಸುವ ಅಂದಾಜಿನಲ್ಲಿದ್ದೆ. ಅಜ್ಜಿ ಬಿಡಲಿಲ್ಲ.

“ಬೆಂಕಿಪೊಟ್ಟಣ ಇರ್ಲಿಲ್ವಾ ಅವರಲ್ಲಿ?”

“ಹಳೇ ಕಾಲದ ಕತೆ ಅಜ್ಜಿ.”

“ಹೌದಾ? ಹಾಗಾದ್ರೆ ಸರಿ. ನಮ್ಮ ಊರಲ್ಲಿಯೂ ಕೆಂಡ ತರ್ಲಿಕ್ಕೆ ನನ್ನನ್ನೇ ಕಳಿಸೂದು. ಪಾತ್ರೆಗೆ ಮುಚ್ಚಳ ಇತ್ತಾ?”

“ಇತ್ತು.”

“ಬರೀ ಮುಚ್ಚಳ ಹಾಕಿದ್ರೆ ಕೆಂಡ ಅರ್ಧ ದಾರೀಲೇ ಸಾಯ್ತದೆ. ಬೂದಿ ಹಾಕಿರ್ಬೇಕು ಮೇಲೆ. ಪುಸ್ತಕ ಬರೆದವ ಒಲೆ ಹಚ್ಚಿದವ ಅಲ್ಲ ಅಂತ ಕಾಣ್ತದೆ.”

ಗೆಳತಿ ಮೊದಲ ಸಲ ಬಾಯಿಬಿಟ್ಟಳು: “ಬೂದಿಗೆ ಇಂಗ್ಲಿಷಲ್ಲಿ ಏನೇ?”

“ಆ್ಯಶ್.”

ಅವಳು ಅದನ್ನು ಒಂದೆರಡು ಸಲ ಹೇಳಿ ನೋಡಿದಳು. ಮಾರನೆಯ ದಿನ ಅವಳೇ ಕತೆ ಹೇಳಬೇಕೆಂದು ಅಜ್ಜಿಯ ಅಪ್ಪಣೆಯಾಯಿತು. ಆಗ ನಾನು ಗಮನಿಸಿದ್ದು ಇದು: ಉರು ಹೊಡೆಯಲು ಅವಳ ಹತ್ತಿರ ಏನೂ ಇರಲಿಲ್ಲ. ಯಾವುದೋ ಪದ ಸಿಗದೆ ನಿಂತಳು. ಹಿಂದಕ್ಕೆ ಹೋಗಲು ಮೊದಲ ಸಾಲೆಂಬುದೇ ಇಲ್ಲವಲ್ಲ! ಕತೆಯ ಹುಡುಗಿ ಈಗ ಎಲ್ಲಿದ್ದಾಳೆ ಎಂದು ನೋಡುವವಳ ಹಾಗೆ ಕಣ್ಣು ಮೇಲೆ ಮಾಡಿ, ಬೇರೊಂದು ಪದ ಹಿಡಿದು ಮುಂದೆ ಹೋದಳು. ವ್ಯಾಕರಣ ಹೇಗಿತ್ತೆಂದು ಹೇಳದಿರುವುದೇ ಒಳ್ಳೆಯದು. ಕತೆ ಮಾತ್ರ ನಿಲ್ಲಲಿಲ್ಲ.

ವಿಜಯದಶಮಿಯ ಸಂಜೆ ಅಜ್ಜಿ ವಸ್ತ್ರ ತೆಗೆದು, ಅಕ್ಷತೆ ಉದುರಿಸಿ, ಪುಸ್ತಕವನ್ನು ಅವಳ ಕೈಗೇ ಕೊಟ್ಟರು. ರಟ್ಟಿನ ಮೇಲೆ ಕುಂಕುಮ ಅಂಟಿತ್ತು. ಒಂದು ಸಲ ಓದಿ ಮುಗಿಸುವಷ್ಟೇ ಹೊತ್ತು ಉಳಿದಿತ್ತು.

ಮರುದಿನ ಮೇಜಿನ ಹತ್ತಿರ ಅವಳ ಸರದಿ ಬಂದಾಗ ನಾನು ಎರಡನೆಯ ಬೆಂಚಿನಲ್ಲಿದ್ದೆ; ಎಲ್ಲ ಕೇಳಿಸುತ್ತಿತ್ತು. ಅವಳು ಕತೆ ಹೇಳಿದಳು. ಕ್ರಿಯಾಪದಗಳು ಅಲ್ಲಲ್ಲಿ ಎಡವಿದವು. ಅವಳು ಹಿಂದಿರುಗಲಿಲ್ಲ. ಟೀಚರ್ ತಲೆಯೆತ್ತಿ ಅವಳನ್ನು ನೋಡಿದರು, ಹಿಂದಿನ ವರ್ಷ ಅತ್ತವಳು ಇವಳೇ ಹೌದೇ ಎನ್ನುವ ಹಾಗೆ. ಆಮೇಲೆ ಪ್ರಶ್ನೆ: ಅಷ್ಟು ದೂರ ನಡೆದರೂ ಬೆಂಕಿ ಏಕೆ ಆರಲಿಲ್ಲ?

ಹುಡುಗಿ ಓಡಿಕೊಂಡು ಹೋದಳು, ಅದಕ್ಕೆ ಎಂಬುದು ಪುಸ್ತಕದ ಉತ್ತರ.

“ಆ್ಯಶ್, ಟೀಚರ್. ಅವಳು ಮೇಲೆ ಆ್ಯಶ್ ಹಾಕಿದಳು.”

ಟೀಚರ್ ಪುಟ ತಿರುಗಿಸಿದರು. ಮತ್ತೆ ತಿರುಗಿಸಿದರು. “ಎಲ್ಲಿದೆ ಆ್ಯಶ್?”

“ಪುಸ್ತಕದಲ್ಲಿ ಇಲ್ಲ ಟೀಚರ್. ಅವಳ ಪಾಟಿ ಹೇಳಿದರು,” ಎಂದು ನನ್ನತ್ತ ಬೆರಳು ಮಾಡಿದಳು.

ತರಗತಿ ನಕ್ಕಿತು. “ಕತೆಯ ಹುಡುಗಿಯ ಪಾಟಿಯಾ?” ಎಂದು ಹಿಂದಿನಿಂದ ಯಾರೋ ಕೇಳಿದರು, ನಗು ಹೆಚ್ಚಾಯಿತು. ಟೀಚರ್ ನನ್ನನ್ನು ಎಬ್ಬಿಸಿದರು. ನಾನು ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಕೊಂಡು, “ಮೂಲದಿಂದಲೇ? ನಮ್ಮಲ್ಲಿ ನವಮಿ ಒಂದು ದಿನ. ಇದು ನನಗೆ ಹೊಳೆಯಲೇ ಇಲ್ಲ,” ಎಂದರು. ಗೆಳತಿಗೆ, “ಹಾಗಾದರೆ ನೀನು ಓದಿದ್ದು ಒಂದೇ ಸಲ?” ಎಂದು ಕೇಳಿದರು.

“ಒಂದು ಸಲ ಓದಿದೆ ಟೀಚರ್. ತುಂಬಾ ಸಲ ಕೇಳಿದೆ.”

ನಡುವಿನ ಒಂದು ಪುಟ ತೆರೆದು ಕೊಟ್ಟರು. ಅವಳು ಬೆರಳಿಟ್ಟು ಓದಿದಳು, ಉದ್ದ ಪದಗಳಲ್ಲಿ ಮುಗ್ಗರಿಸುತ್ತ. ಆದರೂ ಮುಂದೇನು ಬರುತ್ತದೆ ಎಂದು ಗೊತ್ತಿದ್ದವಳ ದನಿ ಅದು. ವಾಕ್ಯ ಎಲ್ಲಿ ಮುಗಿಯುತ್ತದೆಂದು ಅವಳಿಗೆ ತಿಳಿದಿತ್ತು. ಆಮೇಲೆ ಟೀಚರ್ ಒಂದು ಹಾಳೆ ಕೊಟ್ಟು, ಬೆಂಕಿ ಏಕೆ ಆರಲಿಲ್ಲ ಎಂಬುದನ್ನು ಅಲ್ಲೇ ಕೂತು ಬರೆಯಲು ಹೇಳಿದರು. “ಪುಸ್ತಕದ್ದಾದರೂ ಸರಿ, ಪಾಟಿಯದಾದರೂ ಸರಿ. ನನಗೆ ನಂಬಿಕೆ ಬರುವ ಹಾಗೆ ಬರಿ.”

ಬೇರೆ ಹುಡುಗಿಯರ ಸರದಿ ಮುಗಿಯುವವರೆಗೂ ಅವಳು ಬರೆಯುತ್ತಲೇ ಇದ್ದಳು. ಆ ಹಾಳೆಯನ್ನು ನಾನು ಆಮೇಲೆ ನೋಡಿದ್ದೇನೆ. ಕೆಂಪು ಶಾಯಿ ಇಲ್ಲದ ಸಾಲು ಕಡಿಮೆ. ಒಂದು ಕಡೆ ‘ಫೈರ್ ಈಸ್ ಸ್ಲೀಪಿಂಗ್ ಅಂಡರ್ ಆ್ಯಶ್’ ಎಂದಿತ್ತು. ಟೀಚರ್ ಅದರ ಕೆಳಗೂ ಗೆರೆ ಎಳೆಯಲು ಹೊರಟು, ಅರ್ಧಕ್ಕೆ ನಿಲ್ಲಿಸಿ, ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು. ಕೊನೆಯಲ್ಲಿ ಪಾಸಿಗೆ ಬೇಕಾದಷ್ಟು ಅಂಕ, ಅದಕ್ಕಿಂತ ಸ್ವಲ್ಪವೇ ಹೆಚ್ಚು.

ದೀಪಾವಳಿಯ ಮುಂಚಿನ ಭಾನುವಾರ ಅವಳ ಅಪ್ಪ ತಿರುವೊಟ್ಟಿಯೂರಿನಿಂದ ಬಂದರು. ಅತ್ತೆ ಬಾಗಿಲಲ್ಲೇ ವಿಷಯ ಹೇಳಿದರು. ಅವರು ಚಪ್ಪಲಿಯನ್ನೂ ಬಿಡದೆ, “ನಿಜವಾಗಿಯಾ? ಯಾರು ಹೇಳಿಕೊಟ್ಟದ್ದು?” ಎಂದು ಕೇಳಿದರು.

“ಯಾರೂ ಹೇಳಿಕೊಡಲಿಲ್ಲ ಅಪ್ಪಾ. ಪುಸ್ತಕ ಪೂಜೆಯಲ್ಲಿತ್ತು,” ಎಂದಳು ಮಗಳು.

ಅವರಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಅಂಗಳದಲ್ಲಿ ನಿಂತಿದ್ದ ಅಜ್ಜಿಯ ಕಡೆ, ನನ್ನ ಕಡೆ ಒಮ್ಮೆ ನೋಡಿದರು. ಮಧ್ಯಾಹ್ನ ಮಗಳನ್ನು ಪುರಸೈವಾಕ್ಕಂನ ಅಂಗಡಿಬೀದಿಗೆ ಕರೆದುಕೊಂಡು ಹೋದರು, ನಾನೂ ಜೊತೆಗೆ ಹೋದೆ. ಜವಳಿ ಅಂಗಡಿಯಲ್ಲಿ ಶಾಲೆಯ ಲಂಗಕ್ಕೆ ನೀಲಿ ಬಟ್ಟೆ ತೆಗೆಸಿದರು. ಅಂಗಡಿಯವನು ಅವಳ ಎತ್ತರ ನೋಡಿ ಅಳತೆ ಹಿಡಿದು ಕತ್ತರಿ ಇಡುವಾಗ ಅವನ ಕೈ ತಡೆದರು.

“ಇನ್ನೂ ಕೆಳಗೆ ಕತ್ತರಿಸಪ್ಪಾ. ಒಳಗೆ ಮಡಚಿ ಹೊಲಿಸ್ತೀನಿ. ಮುಂದಿನ ಫಾರಂಗೂ ಇದೇ ಆಗಬೇಕು.”