ನೊಣದ ದಾರಿ ಹುಡುಕಿದ ನನ್ನ ವಾರಗಿತ್ತಿ

ಅವಳ ಬಲಗೈ ಹೆಬ್ಬೆರಳು ಹಿಪ್ಪುನೇರಳೆ ಸೊಪ್ಪಿನ ಹಾಲು ಹಿಡಿದೂ ಹಿಡಿದೂ ಕಪ್ಪಾಗಿ ಬಿರಿದಿತ್ತು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅದೇ ಬೆರಳಿನಿಂದ ರೋಗ ತಡೆಯಲು ಹೊಡೆಯುವ ಫಾರ್ಮಲಿನ್ ಕ್ಯಾನಿನ ಮುಚ್ಚಳ ತಿರುಗಿಸುತ್ತಾ, "ನೀನ್ ಒಳಕ್ ಬರ್ಬೇಡ ಕಣಮ್ಮಿ, ಕಿಟಕಿಗೆ ಪೇಪರ್ ಅಂಟ್ಸಿ ಈಚೆಗೇ ಇರು" ಅಂದಳು. ನಾನು ಮೈದಾ ಅಂಟು ಕಲಸಿ, ಹಳೆಯ ಪೇಪರು ಹರಿದು, ರೇಷ್ಮೆ ಹುಳದ ಮನೆಯ ಕಿಟಕಿ ಸಂದುಗಳನ್ನೆಲ್ಲ ಮುಚ್ಚಿದೆ. ಅವಳು ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಔಷಧಿ ಹೊಡೆಯುವ ಕ್ಯಾನು ಬೆನ್ನಿಗೇರಿಸಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಆಚೆ ಬಂದಾಗ ಕಣ್ಣು ಕೆಂಪಗಿತ್ತು. ಮೆಟ್ಟಿಲ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕೇಳಿದಳು. ಮಧ್ಯಾಹ್ನ ಮುದ್ದೆ ಉಂಡಳು. ಸಂಜೆ ಹಸು ಕರೆದಳು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಗೋಡೆಗೆ ಒರಗಿ ಕೂತಿದ್ದಳು. "ಮಲಗುದ್ರೆ ಉಸ್ರು ಸಿಗ್ತಿಲ್ಲ" ಅಂದಳು. ಅದಾದ ಮೇಲೆ ಅವಳು ಯಾವತ್ತೂ ಕಾಲು ಚಾಚಿ ಮಲಗಲಿಲ್ಲ.

ಅವಳು ನಮ್ಮ ಭಾವನ ಹೆಂಡತಿ, ನನ್ನ ವಾರಗಿತ್ತಿ. ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಬೈರಾಪಟ್ಟಣದ ಆಚೆಗಿರುವ ನಮ್ಮೂರಿಗೆ ನಾನು ಸೊಸೆಯಾಗಿ ಬಂದಾಗ ಅವಳು ಬಂದು ಏಳು ವರ್ಷವಾಗಿತ್ತು. ಅವಳು ಏಳನೇ ಕ್ಲಾಸು ಓದಿದ್ದಳು, ನಾನು ಪಿಯುಸಿ. ಅದಕ್ಕೆ ಒಂದು ದಿನವೂ ಸಣ್ಣ ಮಾತಾಡಲಿಲ್ಲ. "ನೀನ್ ಬರ್ಕೋ, ನಾನ್ ನೋಡ್ತೀನಿ" ಅನ್ನುತ್ತಿದ್ದಳು. ನೋಡುವುದು ಅಂದರೆ ಅವಳಿಗೆ ದೊಡ್ಡ ಕೆಲಸ. ಹುಳ ಸೊಪ್ಪು ತಿನ್ನುವುದು ಬಿಟ್ಟರೆ ಬೇರೆಯವರು ಹುಳ ನೋಡುತ್ತಿದ್ದರು. ಇವಳು ಸೊಪ್ಪು ನೋಡಿ, ತೋಟಕ್ಕೆ ಹೋಗಿ, ಪಕ್ಕದ ಮಾವಿನ ತೋಪಿನಲ್ಲಿ ಯಾರು ಯಾವಾಗ ಔಷಧಿ ಹೊಡೆದರು ಅಂತ ಕೇಳಿಕೊಂಡು, ಗಾಳಿ ಯಾವ ಕಡೆಯಿತ್ತು ಅಂತ ವಿಚಾರಿಸಿ ಮನೆಗೆ ಬರುತ್ತಿದ್ದಳು.

ಹುಳದ ಮನೆಗೆ ಅವಳ ಕಾನೂನು ಬಿಗಿ. ಸುಣ್ಣದಪುಡಿ ತುಳಿಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಮೇಲಿನ ಮನೆ ಮಾವ, ಅಂದರೆ ನಮ್ಮ ಮಾವನವರ ದಾಯಾದಿ ತಮ್ಮ, ಬಾಯಿತುಂಬ ಕಡ್ಡಿಪುಡಿ ಹಾಕಿಕೊಂಡು ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದಳು. "ಮಾವ, ಬಾಯ್ ತೊಳ್ಕೊಂಡ್ ಬಾ. ಇಲ್ದಿದ್ರೆ ನಮ್ ಹುಳಕ್ಕೂ ಒಂದೊಂದ್ ಚಿಟಿಕೆ ಕೊಡ್ಬೇಕಾಯ್ತದೆ."

"ಹುಳಕ್ಕಿರೋ ಮರ್ವಾದೆ ನಂಗಿಲ್ವಲ್ಲಮ್ಮಿ ಈ ಮನೇಲಿ" ಅಂತ ಮಾವ ಗೊಣಗಿಕೊಂಡು ನಲ್ಲಿ ಕಡೆ ಹೋಗುತ್ತಿದ್ದರು.

ನಮ್ಮೂರಿಗೆ ಊಜಿ ನೊಣ ಮೆಟ್ಟಿಕೊಂಡಿದ್ದು ಆ ಕಾಲದಲ್ಲೇ. ಆ ನೊಣ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಒಳಗೆ ಬೆಳೆದ ಮರಿ ಗೂಡು ಕೊರೆದು ಈಚೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ದಾರ ಎಳೆಯಲು ಆಗುವುದಿಲ್ಲ. ತಿಂಗಳು ಸಾಕಿದ್ದು ಕಸವಾಗುತ್ತದೆ. ಊರಿನ ಪ್ರತಿ ಮನೆಯವರೂ ಕಿಟಕಿಗೆ ಸೊಳ್ಳೆಪರದೆ ಬಡಿದರು. ಒಂದು ಪದರ ಸಾಲದು ಅಂತ ಎರಡು ಬಡಿದರು. ಬೆಳೆ ಮೇಲೆ ಬೆಳೆ ಹೋಗುತ್ತಲೇ ಇತ್ತು. ಹೀಗೇ ಆದರೆ ತೋಟ ಕಿತ್ತು ಬೇರೆ ಏನಾದರೂ ಹಾಕುವುದೇ ಸರಿ ಅಂತ ಭಾವನೂ ಹೇಳಿದರು.

ಒಂದು ಮಧ್ಯಾಹ್ನ ಅಕ್ಕ ಹುಳದ ಮನೆಯಲ್ಲಿ ಸುಮ್ಮನೆ ಕೂತಿದ್ದಳು. ಪರದೆಯ ಒಳಮೈ ಮೇಲೆ ಒಂದು ನೊಣ ಕೂತಿತ್ತು. "ಇದು ಈಚೆಗೋಗಕ್ ದಾರಿ ಹುಡುಕ್ತಾ ಐತೆ ನೋಡು. ಅಂದ್ರೆ ಇಲ್ಲೇ ಹುಟ್ಟೈತೆ" ಅಂದಳು. ಆಮೇಲೆ ಗೂಟದ ಕಡೆ ನೋಡಿದಳು. ಅಲ್ಲಿ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟಿಗೆ ಹೋಗಿ ಬಂದ ಖಾಲಿ ಚೀಲಗಳು ನೇತಾಡುತ್ತಿದ್ದವು. ಒಳ್ಳೆ ರೇಟು ಬಂದ ಚೀಲವನ್ನು ನಮ್ಮ ಕಡೆ ಯಾರೂ ಒಗೆಯುತ್ತಿರಲಿಲ್ಲ. ಒಗೆದರೆ ಲಕ್ಷ್ಮಿ ಹೋಗುತ್ತಾಳೆ ಅಂತ ಹುಳದ ಮನೆಯೊಳಗೇ ತೂಗುಹಾಕುತ್ತಿದ್ದೆವು. ಅಕ್ಕ ಅಂಗಳದಲ್ಲಿ ಭಾವನ ಬಿಳೀ ಪಂಚೆ ಹಾಸಿ, ಚೀಲಗಳನ್ನು ಒಳಮಗ್ಗುಲು ತಿರುಗಿಸಿ ಒದರಿದಳು. ಹೊಲಿಗೆಯ ಮಡಿಕೆಗಳಿಂದ ಹಲಸಂದೆ ಕಾಳಿನಂಥ ಕಂದು ಕೋಶಗಳು ಉದುರಿದವು. ಒಂದನ್ನು ಉಗುರಲ್ಲಿ ಒಡೆದಳು. ಒಳಗೆ ರೆಕ್ಕೆ ಮಡಿಸಿಕೊಂಡ ನೊಣವಿತ್ತು.

"ನಾವೇ ಕರ್ಕೊಂಡ್ ಬಂದು, ಒಳಗ್ ಬುಟ್ಕೊಂಡು, ಕಿಟಕಿ ಮುಚ್ಚಿದೀವಿ" ಅಂದಳು. ನಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಚೀಲ ಒಗೆದು ಸುಮ್ಮನಾಗುತ್ತಿದ್ದರು. ಮುಂದಿನ ಸಲ ಗೂಡು ಮಾರ್ಕೆಟಿಗೆ ಹಾಕಿದಾಗ ಇವಳು ಭಾವನ ಜೊತೆ ರಾಮನಗರಕ್ಕೆ ಹೊರಟಳು. ನನ್ನನ್ನೂ ಕರೆದುಕೊಂಡಳು. ನಮ್ಮ ಗೂಡು ಕೊಂಡ ರೀಲರು ವಯಸ್ಸಾದ ಸಾಬರು. ಅವರ ಹಿಂದೆಯೇ ನೂಲು ತೆಗೆಯುವ ಶೆಡ್ಡಿಗೆ ಹೋದೆವು. ಬಿಸಿನೀರಿನ ಹಬೆ, ಬೆಂದ ಹುಳದ ವಾಸನೆ.

"ತೂತ್ ಗೂಡಿಂದ ನಮ್ದೂ ಹಾಳೇ ಅಮ್ಮ. ಮರಿ ನೆಲದ್ ಮೇಲೆಲ್ಲಾ ಓಡಾಡ್ತದೆ. ಹೆಂಗಸ್ರು ಗುಡ್ಸಿ ಆಚೆ ಹಾಕ್ತಾರೆ" ಅಂದರು ಅವರು.

"ಆಚೆ ಅಂದ್ರೆ ಎಲ್ಲಿಗೆ?"

"ಆಚೆ ಅಂದ್ರೆ ಆಚೆ."

"ನಿಮ್ ಆಚೆ ಅಂದ್ರೆ ನಮ್ಮೂರು ಕಣಣ್ಣ."

ಸಾಬರು ನಕ್ಕರು. "ಬಿಸ್ನೀರಿಗೇನ್ ಬರ ನಮ್ಮತ್ರ? ಅದ್ರಾಗೇ ಹಾಕ್ಸ್ತೀನಿ ಬಿಡಿ" ಅಂದರು. ಆಮೇಲೆ ಆ ರಸ್ತೆಯ ಇನ್ನೂ ನಾಲ್ಕು ಶೆಡ್ಡುಗಳಿಗೆ ಹೇಳಿದವರೂ ಅವರೇ.

ಮನೆಗೆ ಬಂದು ಅಕ್ಕ ಹುಳದ ಮನೆಯ ಹೊರಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆದಳು. ನೊಣ, ಚೀಲ, ಟೆಂಪೊ, ಸಾಬರ ಶೆಡ್ಡು, ಮತ್ತೆ ಊರು. ಗೆರೆ ಸುತ್ತಿಕೊಂಡು ಬಂದು ಮೊದಲಿನ ಜಾಗಕ್ಕೇ ಸೇರಿತು. ಊರಲ್ಲಿ ಯಾವಾಗಲೂ ಯಾರದಾದರೂ ಮನೆಯಲ್ಲಿ ಹುಳ ಇರುವುದರಿಂದ ನೊಣಕ್ಕೆ ಒಂದು ದಿನವೂ ಉಪವಾಸವಿಲ್ಲ ಅನ್ನುವುದು ಅವಳಿಗೆ ಅಲ್ಲಿ ಕಂಡಿತು. ಎಲ್ಲರೂ ಒಟ್ಟಿಗೆ ಹುಳ ತಂದು, ಒಟ್ಟಿಗೆ ಗೂಡು ಬಿಡಿಸಿ, ಇಪ್ಪತ್ತು ದಿನ ಊರೇ ಖಾಲಿ ಬಿಡಬೇಕು ಅಂತ ಮನೆಮನೆಗೆ ಹೋಗಿ ಹೇಳಿದಳು.

ಮೇಲಿನ ಮನೆ ಮಾವ ಒಪ್ಪಲಿಲ್ಲ. "ನನ್ ಸೊಪ್ಪು ಈಗ ಬಲ್ತು ನಿಂತೈತೆ. ಇಪ್ಪತ್ ದಿನ ಬುಟ್ರೆ ಒಣಗಿ ಉದುರೋಯ್ತದೆ. ನೀನ್ ಬಂದು ತಿಂದೀಯೇನಮ್ಮಿ?"

ಅಕ್ಕ ಜಗಳ ಮಾಡಲಿಲ್ಲ. ಎರಡು ದಿನ ಗೋಡೆ ನೋಡಿದಳು. "ಮಾವ ಹೇಳಾದು ಸರಿ. ನೊಣದ್ ಮಾತಾಡ್ಬೇಕು ಅಂದ್ರೆ ಮೊದ್ಲು ಕಟಾವಿನ್ ಮಾತಾಡ್ಬೇಕು" ಅಂದಳು. ಹಿಪ್ಪುನೇರಳೆ ಕಡ್ಡಿಯನ್ನು ಬುಡಕ್ಕೆ ಕತ್ತರಿಸಿದ ದಿನದ ಮೇಲೆ ಸೊಪ್ಪು ಬರುವ ದಿನ ನಿಲ್ಲುತ್ತದೆ. ಕಟಾವು ಒಂದೇ ವಾರ ಆದರೆ ಸೊಪ್ಪು ಒಟ್ಟಿಗೆ ಬರುತ್ತದೆ, ಹುಳವೂ ಒಟ್ಟಿಗೆ. ಆದರೆ ಒಂದೇ ವಾರಕ್ಕೆ ಅಷ್ಟು ಆಳು ಎಲ್ಲಿಂದ ತರುವುದು? ನಿಂತುಹೋಗಿದ್ದ ಮುಯ್ಯಾಳನ್ನು ಮತ್ತೆ ಶುರುಮಾಡಿಸಿದಳು. ಇವತ್ತು ನಾವು ನಿಮ್ಮ ತೋಟಕ್ಕೆ, ನಾಳೆ ನೀವು ನಮ್ಮ ತೋಟಕ್ಕೆ. ಮೊದಲ ದಿನ ಕುಡುಗೋಲು ಹಿಡಿದು ಹೋಗಿದ್ದು ಮಾವನ ತೋಟಕ್ಕೇ. ನೊಣ ಪೂರಾ ಹೋಗಲಿಲ್ಲ. ಆದರೆ ಎರಡು ವರ್ಷದಲ್ಲಿ ತೂತು ಗೂಡು ಆರಿಸಿ ಬಿಸಾಡುವ ಕೆಲಸ ಬೆಳೆಗೆ ಒಂದು ಮಂಕರಿ ಬುಟ್ಟಿಯಷ್ಟಕ್ಕೆ ಇಳಿಯಿತು. ತೋಟ ಕೀಳುವ ಮಾತನ್ನು ಯಾರೂ ಎತ್ತಲಿಲ್ಲ.

ಹುಳ ತರುವ ಮುಂಚೆ ಹುಳದ ಮನೆಗಳಿಗೆ ಔಷಧಿ ಹೊಡೆಯುವುದೂ ಒಟ್ಟಿಗೇ ಆಗಬೇಕಾಯಿತು. ಗಂಡಸರು ಬಾಗಿಲು ತೆರೆದುಕೊಂಡು, ಮೇಲೆ ಮೇಲೆ ಹೊಡೆದು ಬರುತ್ತಿದ್ದರು. "ಒಂದ್ ಮನೇಲ್ ಬಿಟ್ರೆ ಎಲ್ಲಾ ಮನೇಲ್ ಬಿಟ್ಟಂಗೆ" ಅಂತ ಅವಳೇ ನಿಂತಳು. ಮೊದಲು ಮೂರು ಮನೆ, ಆಮೇಲೆ ಹನ್ನೊಂದು ಮನೆ. ಪ್ರತಿ ಬೆಳೆಗೂ ಅವಳು ಒಳಗೆ, ನಾನು ಹೊರಗೆ ಅಂಟು ಹಿಡಿದುಕೊಂಡು. ಆ ಉಸಿರು ಕಟ್ಟಿದ ಬೆಳಿಗ್ಗೆಯ ಹೊತ್ತಿಗೆ ಅವಳಿಗೆ ಕೆಮ್ಮು ಶುರುವಾಗಿ ಎರಡು ವರ್ಷವಾಗಿತ್ತು. ಮಂಜಿಗೆ ಅಂದೆವು, ಸೊಪ್ಪಿನ ಧೂಳಿಗೆ ಅಂದೆವು. ಅವಳ ಗೆರೆಯಲ್ಲಿ ನೊಣವಿತ್ತು, ಚೀಲವಿತ್ತು, ಸಾಬರಿದ್ದರು, ಮಾವನ ಸೊಪ್ಪಿತ್ತು. ಅವಳು ಇರಲಿಲ್ಲ. ತನ್ನನ್ನು ಅವಳು ಬರೆಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಬರೆಯಲಿಲ್ಲ.

ಚನ್ನಪಟ್ಟಣದಲ್ಲಿ ತೋರಿಸಿ, ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಶ್ವಾಸಕೋಶ ಗಟ್ಟಿಯಾಗಿದೆ ಅಂದರು ಡಾಕ್ಟರು. ಏನು ಕೆಲಸ, ಎಷ್ಟು ವರ್ಷದಿಂದ ಅಂತ ಕೇಳಿದರು. ನಾನು ಹೇಳಿದೆ. ಅದೊಂದರಿಂದಲೇ ಅಂತ ಹೇಳಲು ಬರುವುದಿಲ್ಲ ಅಂದರು, ಆದರೆ ಬರೆಯುತ್ತಿದ್ದ ಪೆನ್ನು ನಿಂತಿತು. ವಾಪಸು ಬರುವಾಗ ಕೆಂಗಲ್ ದಾಟಿದ ಮೇಲೆ, ಕಾರಿನ ಕಿಟಕಿಗೆ ತಲೆ ಆನಿಸಿಕೊಂಡು ಅವಳು ಕೇಳಿದಳು, "ನೀನೂ ಒಳಕ್ ಬಂದಿದ್ದೇನಮ್ಮಿ ಯಾವತ್ತಾದ್ರೂ?"

"ಇಲ್ಲಕ್ಕ."

"ಹಂಗಾರೆ ಸರಿ" ಅಂದು ಕಣ್ಣು ಮುಚ್ಚಿದಳು.

ಐದು ತಿಂಗಳು ಇದ್ದಳು. ಗೋಡೆಗೆ ಒರಗಿ ಕೂತೇ ಹೋದಳು. ಮಣ್ಣಿಗೆ ಹನ್ನೊಂದು ಮನೆಯವರೂ ಬಂದಿದ್ದರು. ಹುಳ ನಾಲ್ಕನೇ ಸಲ ಪೊರೆ ಬಿಡುವ ಜ್ವರದಿಂದ ಎದ್ದು ಜೋರು ಮೇಯುವ ದಿನಗಳು ಅವು. ಎಲ್ಲರೂ ಮಧ್ಯೆ ಮಧ್ಯೆ ಎದ್ದು ಸೊಪ್ಪು ಹಾಕಲು ಓಡಬೇಕಾಯಿತು. ಸಾಬರು ಬಂದು ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಈಗ ಔಷಧಿ ಹೊಡೆಯುವಾಗ ಮುಖ ಪೂರ್ತಿ ಮುಚ್ಚುವ ಮಾಸ್ಕು ತಂದಿದ್ದೇವೆ. ಬಾಗಿಲು ತೆರೆದಿಟ್ಟೇ ಹೊಡೆಯುತ್ತೇವೆ, ಒಬ್ಬರೇ ಎರಡು ಮನೆಗೆ ಹೋಗುವಂತಿಲ್ಲ. ಚೀಲಗಳನ್ನು ಕುದಿನೀರಲ್ಲಿ ಅದ್ದದೆ ಯಾರೂ ಒಳಗೆ ತರುವುದಿಲ್ಲ. ಆದರೆ ಈ ವರ್ಷ ಊರಲ್ಲಿ ಕಟಾವು ಮೂರು ಬೇರೆ ಬೇರೆ ವಾರ ಆಯಿತು. ಒಬ್ಬರ ಮನೆಯಲ್ಲಿ ಮದುವೆ, ಒಬ್ಬರಿಗೆ ಆಳು ಸಿಗಲಿಲ್ಲ, ಮಾವನ ಸೊಪ್ಪು ಮೊದಲೇ ಬಲಿಯಿತು. ನಾನು ಎರಡು ಮನೆಗೆ ಹೋಗಿ ಹೇಳಿದೆ. ಅವರು ಕೂರಿಸಿ ಕಾಫಿ ಕೊಟ್ಟರು, ಹೂಂ ಅಂದರು. ಮೂರನೇ ಮನೆಯ ಬಾಗಿಲಿಂದ ನಾನು ವಾಪಸು ಬಂದೆ. ಮೊನ್ನೆ ಬಿಡಿಸಿದ ಗೂಡಿನಲ್ಲಿ ತೂತು ಬಿದ್ದವು ಎರಡು ಮಂಕರಿಯಾದವು. ಹನ್ನೊಂದು ಮನೆಗೂ ಹೋಗಿ ಕಟಾವಿನ ದಿನ ಒಪ್ಪಿಸುವವರು ನಮ್ಮೂರಲ್ಲಿ ಈಗ ಯಾರೂ ಇಲ್ಲ.