ಗ್ವಾಟೆಮಾಲದವರಿಗೆ ನಾನು ಬಡಿಸಿದ ಏಲಕ್ಕಿ

ಬಟ್ಟಲಿನ ಅಂಚಿಗೆ ಅಂಟಿದ್ದ ಏಲಕ್ಕಿಯ ಕರಿ ಬೀಜವೊಂದನ್ನು ಅವರು ಚಮಚದ ತುದಿಯಿಂದ ಬಿಡಿಸಿ, ಟಿಶ್ಯೂ ಕಾಗದದಲ್ಲಿ ಮಡಚಿ, ತಟ್ಟೆಯ ಕೆಳಗೆ ಸರಿಸಿದರು. ಎಷ್ಟು ನಾಜೂಕಾಗಿ ಸರಿಸಿದರೆಂದರೆ, ಪಾಯಸ ಅಷ್ಟು ರುಚಿಸಿದ್ದರಿಂದ ಆ ಒಂದು ಬೀಜವನ್ನೂ ಜೊತೆಗೆ ಒಯ್ಯಲು ಎತ್ತಿಡುತ್ತಿದ್ದಾರೆ ಎಂದೇ ನಾನು ತಿಳಿದೆ.

ಅವರು ಗ್ವಾಟೆಮಾಲದ ಬೆಟ್ಟಸೀಮೆಯ ಹೆಂಗಸು, ಏಲಕ್ಕಿ ಬೆಳೆಯುವವರು. ತಮ್ಮೂರಿನ ಬೆಳೆಗಾರರ ಪರವಾಗಿ ಅಬುಧಾಬಿಗೆ ಬಂದಿದ್ದರು. ನಾನು ಅಲ್ ಮೀನಾ ಬಂದರಿನ ಹತ್ತಿರ ಸಾಂಬಾರ ಪದಾರ್ಥ ತರಿಸುವ ಒಂದು ಕಂಪನಿಯಲ್ಲಿ ಮಾರುಕಟ್ಟೆ ವಿಶ್ಲೇಷಕಿ. ಹುದ್ದೆಯ ಹೆಸರು ದೊಡ್ಡದು, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಈ ಸಲದ ಬೆಳೆಯನ್ನು ದಲ್ಲಾಳಿಗಳನ್ನು ಬಿಟ್ಟು ನೇರವಾಗಿ ನಮಗೇ ಕೊಡಲು ಅವರು ಒಪ್ಪಿದರೆ ನನ್ನ ಕೆಲಸ ಕಾಯಂ, ಒಪ್ಪದಿದ್ದರೆ ನನಗೆ ಕೊಡುವಷ್ಟು ಕೆಲಸವೇ ಇರುವುದಿಲ್ಲ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ಉಳ್ಳಾಲದ ಬ್ಯಾರಿ ಅವರು. ಕಹಿ ಮಾತನ್ನೂ ಚಹಾ ತರಿಸಿಕೊಟ್ಟೇ ಹೇಳುತ್ತಾರೆ.

ಅತಿಥಿಗೆ ತೋರಿಸಲು ಅವರದೇ ದೇಶದ ಮೇಲೆ ಒಂದು ಪ್ರೆಸೆಂಟೇಷನ್ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಅವರ ದೇಶದ ಬಗ್ಗೆ ನಾವು ತಿಳಿದುಕೊಂಡಿದ್ದೇವೆ ಅಂತ ಅವರಿಗೆ ಗೊತ್ತಾಗಬೇಕು ಎನ್ನುವುದು ಮ್ಯಾನೇಜರ ಆಸೆ. ನನಗೆ ಅರ್ಥಶಾಸ್ತ್ರದ ಎಂ.ಎ. ಇದೆ, ಹೋಗಿ ನೋಡದ ದೇಶದ ಬಗ್ಗೆ ಧೈರ್ಯವಾಗಿ ಬರೆಯುವುದನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಕೆರಿಬಿಯನ್, ನಡುವೆ ಜ್ವಾಲಾಮುಖಿಗಳ ಸಾಲು ಎಂದು ಬರೆದೆ. ಒಮ್ಮೆ ಅಧ್ಯಕ್ಷರಾದವರು ಮತ್ತೆ ಅಧ್ಯಕ್ಷರಾಗುವಂತಿಲ್ಲ ಎಂದು ಬರೆದೆ. ಸ್ಪ್ಯಾನಿಷ್ ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ ಎಂದು ಬರೆದೆ. ಹೊರದೇಶಕ್ಕೆ ದುಡಿಯಲು ಹೋದವರು ಮನೆಗೆ ಕಳಿಸುವ ಹಣದ ಮೇಲೆ ಆ ದೇಶ ಬಹಳ ಮಟ್ಟಿಗೆ ನಿಂತಿದೆ ಎಂಬ ಸಾಲನ್ನಂತೂ, ಎಂಥ ವಿಚಿತ್ರ ಸಮಾಜ ಎಂಬ ಧಾಟಿಯಲ್ಲಿ ಬರೆದೆ. ಊರಲ್ಲಿರುವ ಅಪ್ಪನಿಗೆ ಹಣ ಕಳಿಸಿ ಮನಿ ಎಕ್ಸ್‌ಚೇಂಜಿನಿಂದ ಆಗಷ್ಟೇ ವಾಪಸು ಬಂದಿದ್ದೆ.

ಇವೆಲ್ಲಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರ ಕೊಟ್ಟಿದ್ದೆ. ಆಧಾರವಿಲ್ಲದ್ದು ಒಂದೇ ಸಾಲು: ‘ಗ್ವಾಟೆಮಾಲದ ಪ್ರತಿ ಮನೆಯ ಅಡುಗೆಯಲ್ಲೂ ಏಲಕ್ಕಿಯ ಪರಿಮಳವಿದೆ.’ ಜಗತ್ತಿಗೆಲ್ಲ ಹಂಚುವಷ್ಟು ಏಲಕ್ಕಿ ಬೆಳೆಯುವವರು ಅದನ್ನು ಪಾಯಸಕ್ಕೆ ಹಾಕದೆ ಇರುತ್ತಾರೆಯೇ? ಇದಕ್ಕೂ ಪುರಾವೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ತುಪ್ಪದನ್ನಕ್ಕೂ ಚಹಾಕ್ಕೂ ಏಲಕ್ಕಿ ಬೀಳುವ ಮನೆಯಿಂದ ಬಂದ ಮ್ಯಾನೇಜರಿಗೂ ಹೊಳೆಯಲಿಲ್ಲ. ಆ ಸಾಲು ಓದಿ ಅವರು ತಲೆದೂಗಿದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೊದಲ ಸಲ ಬಂದವರಿಗೆ ಸಿಹಿ ಮಾಡದಿದ್ದರೆ ನಮ್ಮಲ್ಲಿ ಸಮಾಧಾನವಿಲ್ಲ. ಬೆಳಿಗ್ಗೆ ಬೇಗ ಎದ್ದು, ಅಲ್ ರೀಮ್ ಐಲ್ಯಾಂಡಿನ ಫ್ಲಾಟಿನಲ್ಲಿ ಹೆಸರುಬೇಳೆ ಪಾಯಸ ಮಾಡಿದೆ. ಅವರ ದೇಶದ ಏಲಕ್ಕಿಯನ್ನೇ, ಎಂದಿಗಿಂತ ಎರಡು ಪಾಲು ಕುಟ್ಟಿ ಹಾಕಿದೆ. ಜೊತೆಗಿರುವ ಕುಂದಾಪುರದ ನರ್ಸ್ ನೈಟ್ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ಮೂಸಿ ನೋಡಿದಳು.

“ಹುಡುಗ ನೋಡ್ಲಿಕ್ಕೆ ಬರ್ತಾನಾ ಹೇಗೆ? ನಂಗೆ ಇಷ್ಟರವರೆಗೆ ಒಂದು ಆಮ್ಲೆಟ್ ಮಾಡಿ ಕೊಟ್ಟವಳಲ್ಲ ನೀನು.”

ನಾನು ಪಾಯಸವನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆ. ಮನೆಯಲ್ಲಿ ಆಫೀಸಿನ ವಿಷಯ ಮಾತಾಡುವುದು ನನಗೆ ಸೇರುವುದಿಲ್ಲ.

ಮೀಟಿಂಗ್ ಕೋಣೆಯಲ್ಲಿ ಅವರು ಪಾಯಸವನ್ನು ಅರ್ಧ ತಿಂದರು, ಆಮೇಲೆ ನನ್ನ ಸ್ಲೈಡುಗಳನ್ನು ತಾಳ್ಮೆಯಿಂದ ನೋಡಿದರು. ಏಲಕ್ಕಿಯ ಪರಿಮಳದ ಸಾಲು ಬಂದಾಗ ಕೈ ಎತ್ತಿ, ಯಾವ ಮನೆ ಎಂದು ಕೇಳಿದರು. ಸಾಮಾನ್ಯವಾಗಿ ಎಲ್ಲ ಮನೆ ಎಂದೆ. ಅವರು ಒಂದೊಂದೇ ಪದ ಹುಡುಕಿ ಇಂಗ್ಲಿಷಿನಲ್ಲಿ ಹೇಳಿದರು:

“ನಮ್ಮಲ್ಲಿ ಇದನ್ನು ಯಾರೂ ತಿನ್ನುವುದಿಲ್ಲ. ಔಷಧಿಯ ವಾಸನೆ. ಒಣಗಿಸುತ್ತೇವೆ, ನಿಮಗೆ ಕಳಿಸುತ್ತೇವೆ. ಅಷ್ಟೊಂದು ಕೊಂಡು ನೀವು ಏನು ಮಾಡುತ್ತೀರಿ ಎಂದು ಊರಲ್ಲಿ ಈಗಲೂ ಕೇಳುತ್ತಾರೆ. ಬಟ್ಟೆಗೆ ಬಣ್ಣ ಹಾಕುತ್ತೀರಿ ಎನ್ನುವವರೂ ಇದ್ದಾರೆ.”

ನಾನು ಮುಂದಿನ ಸ್ಲೈಡಿಗೆ ಹೋದೆ. ಅದರಲ್ಲಿ ಇದ್ದದ್ದು ‘ಧನ್ಯವಾದ’ ಮಾತ್ರ.

ಹೊರಗೆ ಬಂದ ಮೇಲೆ ಮ್ಯಾನೇಜರು ದನಿ ಏರಿಸಲಿಲ್ಲ. “ಎಂತ ಮಾರಾಯ್ರೆ, ಹೋಗಿ ಹೋಗಿ ಅವರ ಮನೆಯ ಅಡುಗೆ ಅವರಿಗೇ ಕಲಿಸಿದ್ರಲ್ಲ. ಇದೇ ಸುಳ್ಳಾದ್ರೆ ನಮ್ಮ ರೇಟು, ನಮ್ಮ ತೂಕ ಅವರು ಹೇಗೆ ನಂಬುವುದು?” ತಾವೂ ತಲೆದೂಗಿದ್ದನ್ನು ಅವರು ಮರೆತಿದ್ದರು, ನೆನಪಿಸುವ ಧೈರ್ಯ ಪ್ರೊಬೇಷನ್‌ನಲ್ಲಿ ಇರುವವರಿಗೆ ಬರುವುದಿಲ್ಲ. ಈ ಸಲ ಚಹಾ ತರಿಸಲಿಲ್ಲ.

ಸಂಜೆ ಅತಿಥಿ ಮ್ಯಾನೇಜರಿಗೆ ತಮ್ಮ ಷರತ್ತು ತಿಳಿಸಿದರು. ತೀರ್ಮಾನ ನಾಳೆ. ಅದಕ್ಕೂ ಮುಂಚೆ, ಇದನ್ನು ಇಷ್ಟಪಟ್ಟು ಬಾಯಿಗೆ ಹಾಕುವ ಮನುಷ್ಯನೊಬ್ಬನನ್ನು ಅವರು ಕಣ್ಣಾರೆ ನೋಡಬೇಕು. ಪಾಯಸ ಮಾಡಿದ ಹುಡುಗಿಯೇ ತೋರಿಸಬೇಕು. ಪಾಯಸ ಬೇಡ.

ಮರುದಿನ ಬೆಳಿಗ್ಗೆ ಅವರನ್ನು ಮೀನು ಮಾರುಕಟ್ಟೆಯ ಹಿಂದಿನ ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದೆ. ಅಲ್ಲಿ ಏಲಕ್ಕಿ ಹಾಕಿದ ಅರಬ್ ಕಾಫಿ, ಗಾವಾ, ಸಿಗುತ್ತದೆ. ಅದರ ಬಗ್ಗೆಯೂ ಆಫೀಸಿಗಾಗಿ ನಾನೊಂದು ಪುಟ ಬರೆದಿದ್ದೆ, ಕುಡಿದಿರಲಿಲ್ಲ. ಮೂಲೆಯಲ್ಲಿ ಬಿಳಿ ಕಂದೂರ ನಿಲುವಂಗಿ ತೊಟ್ಟ ಮುದುಕರೊಬ್ಬರು ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಖಾಲಿಯಾದ ಪುಟ್ಟ ಬಟ್ಟಲನ್ನು ಮತ್ತೆ ಮತ್ತೆ ಮುಂದೆ ಚಾಚುತ್ತಿದ್ದರು. ಯಾಕೆ ಇಷ್ಟ ಎಂದು ಅವರನ್ನೇ ಕೇಳು ಎಂದರು ಅತಿಥಿ. ಲಿಫ್ಟಿನಲ್ಲಿ ಪಕ್ಕದ ಮನೆಯವರು ಸಿಕ್ಕರೂ ಮಾತಾಡಬೇಕಾದೀತೆಂದು ಫೋನ್ ನೋಡುವವಳು ನಾನು. ಎದ್ದು ಹೋಗಿ, ಟ್ಯಾಕ್ಸಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಅರಬಿ ವಾಕ್ಯ ಹೇಳಿದೆ. ಮುದುಕರು ಹಿಂದಿಯಲ್ಲಿ ಉತ್ತರಿಸಿದರು. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಜಾಸ್ತಿ ಏಲಕ್ಕಿ ಹಾಕುತ್ತಿದ್ದಳಂತೆ, ಇವರು ಬೈಯುತ್ತಿದ್ದರಂತೆ. ಈಗ ಅಷ್ಟು ಹಾಕದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಏಲಕ್ಕಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ನಿಮ್ಮ ಇಂಡಿಯಾದಿಂದ ಅಲ್ಲವೇ ಎಂದರು. ಎಲ್ಲವನ್ನೂ, ನನಗೆ ಅನುಕೂಲವಲ್ಲದ ಆ ಕೊನೆಯ ಮಾತನ್ನೂ ಸೇರಿಸಿ, ಅತಿಥಿಗೆ ಒಪ್ಪಿಸಿದೆ.

ಅವರು ಮೊದಲ ಸಲ ನಕ್ಕರು. ತಮಗೂ ಒಂದು ಬಟ್ಟಲು ತರಿಸಿ ಪೂರ್ತಿ ಕುಡಿದರು. “ಈಗಲೂ ಔಷಧಿಯೇ. ಆದರೆ ನಿಮಗೇ ಕಳಿಸುತ್ತೇವೆ.”

ಆ ಎರಡು ವಾಕ್ಯಗಳನ್ನು ಹಾಗೆಯೇ ಮ್ಯಾನೇಜರಿಗೆ ಮೆಸೇಜ್ ಮಾಡಿದೆ. ಮೊದಲನೆಯದನ್ನು ಬಿಟ್ಟಿದ್ದರೂ ನಡೆಯುತ್ತಿತ್ತು, ಬಿಡಲಿಲ್ಲ.